ಕೂದಲು ತೆಗೆಯೋಕೆ ಲೇಸರ್ ಅಂತ ಹೇಳಿ ಐಪಿಎಲ್ ಲೈಟ್ ಹೊಡೀತಾರೆ, ಪ್ಯಾಕೇಜ್ ದುಡ್ಡು ಕಟ್ಟೋ ಮುಂಚೆ ಓದಿ

ಬೇಡದ ಕೂದಲನ್ನು ಲೇಸರಿನಿಂದ ತೆಗೆಯುತ್ತೇವೆ ಅನ್ನುವ ಕ್ಲಿನಿಕ್ಕಿನಲ್ಲಿ ದುಡ್ಡು ಕಟ್ಟಿಸಿಕೊಳ್ಳುವ ತನಕ "ಪರ್ಮನೆಂಟ್ ಮೇಡಂ, ಮತ್ತೆ ಬರೋದೇ ಇಲ್ಲ". ಸಿಟ್ಟಿಂಗ್ ಎಲ್ಲ ಮುಗಿದು ಗಲ್ಲದ ಮೇಲೆ ಕೂದಲು ಮೊದಲಿನಷ್ಟೇ ಬಂದಾಗ "ಅದು ನಿಮ್ಮ ಹಾರ್ಮೋನ್ ಮೇಡಂ, ನಮ್ಮ ಮಷೀನ್‌ದೇನೂ ತಪ್ಪಿಲ್ಲ". ಅದೇ ಕೌಂಟರು, ಅದೇ ಬಾಯಿ.

ಮಷೀನಿನ ಬೆಳಕಿನ ವೇವ್‌ಲೆಂಗ್ತ್ (ತರಂಗಾಂತರ) ಎಷ್ಟು ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಷೀನಿನ ಹಿಂದಿನ ಲೇಬಲ್ ಓದಿದಾಗ ಗೊತ್ತಾಯಿತು, ಅದು ಲೇಸರೇ ಅಲ್ಲ, ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್)! ಮೈಯೆಲ್ಲ ಉರಿದುಹೋಯಿತು. ಅದಕ್ಕೆ ಬಂದ ಉತ್ತರ: "ಎರಡೂ ಲೈಟೇ ಅಲ್ವಾ ಮೇಡಂ, ಎಲ್ಲಾ ಒಂದೇ."

ಒಂದೇ ಅಲ್ಲ. ಲೇಸರಿನಲ್ಲಿ ಬರುವುದು ಒಂದೇ ತರಂಗಾಂತರದ ಬೆಳಕು: ಅಲೆಕ್ಸಾಂಡ್ರೈಟ್ ಆದರೆ 755 ನ್ಯಾನೋಮೀಟರ್, ಡಯೋಡ್ ಸುಮಾರು 810, ಎನ್‌ಡಿ ಯಾಗ್ 1064. ಐಪಿಎಲ್ ಬರೀ ಫ್ಲ್ಯಾಶ್ ಲ್ಯಾಂಪು, ಸುಮಾರು 500ರಿಂದ 1200ರವರೆಗೆ ಚೆದುರಿದ ಬೆಳಕು, ಮುಂದೆ ಒಂದು ಫಿಲ್ಟರ್. ಎರಡರಲ್ಲೂ ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಬೆಳಕನ್ನು ಹೀರಿ ಬಿಸಿಯಾಗಬೇಕು, ಆ ಕಾವು ಬುಡದಲ್ಲಿ ಹೊಸ ಕೂದಲು ಹುಟ್ಟಿಸುವ ಜೀವಕೋಶಗಳನ್ನು ಸುಡಬೇಕು. ಆದರೆ ಅದೇ ಮೆಲನಿನ್ ಚರ್ಮದಲ್ಲೂ ಇದೆಯಲ್ಲ! ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕಡಿಮೆ ತರಂಗಾಂತರದ ಬೆಳಕನ್ನು ಮೇಲ್ಪದರವೇ ನುಂಗುತ್ತದೆ, ಸುಟ್ಟ ಗುಳ್ಳೆ, ಆಮೇಲೆ ಕಪ್ಪು ಕಲೆ. 1064ರ ಬೆಳಕನ್ನು ಮೇಲ್ಪದರ ಅಷ್ಟಾಗಿ ಹೀರುವುದಿಲ್ಲ, ಆಳಕ್ಕೆ ಇಳಿಯುತ್ತದೆ. ಅದಕ್ಕೇ ಕಪ್ಪು ಚರ್ಮಕ್ಕೆ ಅದೇ ಹೆಚ್ಚು ಸುರಕ್ಷಿತ.

ಸುಡುವ ಭಯಕ್ಕೆ ಇವರು ಮಾಡುವುದೇನು? ಜೂಲ್ಸ್, ಅಂದರೆ ಬೆಳಕಿನ ಶಕ್ತಿ, ಇಳಿಸಿಬಿಡುತ್ತಾರೆ. ನೋವಿಲ್ಲ ಅಂತ ಗಿರಾಕಿಗೂ ಖುಷಿ. ಆದರೆ ಬುಡ ಸಾಯುವುದಿಲ್ಲ, ಕೆಲವು ತಿಂಗಳು ಮಲಗಿದ್ದು ಮತ್ತೆ ಏಳುತ್ತದೆ. ಒಂದರಿಂದ ಮೂರು ವಾರದೊಳಗೆ ಕೂದಲು ಉದುರುವುದನ್ನು ತೋರಿಸಿ "ನೋಡಿ ಮೇಡಂ ರಿಸಲ್ಟ್" ಅನ್ನುತ್ತಾರೆ. ಮೋಸ ಹೋಗುವುದೇ ಇಲ್ಲಿ. ಉದುರಿದ ಮಾತ್ರಕ್ಕೆ ಬುಡ ಸತ್ತಿತು ಅಂತಲ್ಲ. ಲೆಕ್ಕಕ್ಕೆ ಬರುವುದು ಕೊನೆಯ ಸಿಟ್ಟಿಂಗ್ ಆಗಿ ಆರು ತಿಂಗಳ ಮೇಲೂ ಬಾರದೆ ಉಳಿದದ್ದು.

ಇನ್ನೊಂದು ಕರ್ಮ. ಎರಡೆರಡು ವಾರಕ್ಕೆ ಫೋನ್ ಮಾಡಿ ಕರೆಸುತ್ತಾರೆ, ಪ್ಯಾಕೇಜ್ ಬೇಗ ಮುಗಿಯಲಿ ಅಂತ. ಲೇಸರ್ ಸರಿಯಾಗಿ ನಾಟುವುದು ಬೆಳೆಯುವ ಹಂತದ ಕೂದಲಿಗೆ ಮಾತ್ರ, ಎಲ್ಲ ಕೂದಲೂ ಒಟ್ಟಿಗೆ ಆ ಹಂತದಲ್ಲಿ ಇರುವುದಿಲ್ಲ. ಮುಖಕ್ಕೆ 4ರಿಂದ 6 ವಾರ, ಕೈಕಾಲಿಗೆ 6ರಿಂದ 8 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಅಂತರ ಬೇಕು. ನಡುವೆ "ಥ್ರೆಡಿಂಗ್ ಮಾಡಿಸ್ಕೊಳ್ಳಿ, ಪರವಾಗಿಲ್ಲ" ಅಂದರು. ಪರವಾಗಿಲ್ಲವಂತೆ! ಬೇರನ್ನೇ ಕಿತ್ತ ಮೇಲೆ ಬೆಳಕು ಹೀರುವುದಕ್ಕೆ ಅಲ್ಲಿ ಏನು ಉಳಿಯಿತು? ಥ್ರೆಡಿಂಗ್, ವ್ಯಾಕ್ಸ್, ಚಿಮಟ ಯಾವುದೂ ಬೇಡ, ರೇಜರ್ ಮಾತ್ರ.

ಹಾರ್ಮೋನ್ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಇನ್ನಷ್ಟು ಕೋಪ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇದ್ದರೆ ಹೊಸ ಕೂದಲು ಹುಟ್ಟುತ್ತಲೇ ಇರುತ್ತದೆ. ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ದುಡ್ಡು ತೆಗೆದುಕೊಳ್ಳುವ ಮುಂಚೆ ಕೇಳಬೇಕಿತ್ತು, ಆಮೇಲೆ ಅಲ್ಲ. ಅದೂ ಅಲ್ಲದೆ ಗಲ್ಲ, ದವಡೆ, ಕತ್ತಿನ ಮೇಲೆ ಬಿಸಿ ಸಾಲದಿದ್ದರೆ ನಯವಾದ ರೋಮವೇ ದಪ್ಪಗೆ, ಕಪ್ಪಗೆ ಬೆಳೆಯುವ ಅಪಾಯವಿದೆ. ಇದು ಡಾಕ್ಟರುಗಳಿಗೆಲ್ಲ ಗೊತ್ತಿರುವ ಸಂಗತಿ, ಕೌಂಟರಿನಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ.

ಬಿಳಿ ಕೂದಲಿಗೂ ದುಡ್ಡು ತಗೊಳ್ಳುತ್ತಾರೆ. ಬಣ್ಣವೇ ಇಲ್ಲದ ಕೂದಲಿಗೆ ಯಾವ ಲೇಸರೂ ನಾಟುವುದಿಲ್ಲ, ಅದಕ್ಕೆ ಒಂದೊಂದೇ ಬುಡಕ್ಕೆ ಸೂಜಿಯಿಂದ ಕರೆಂಟ್ ಕೊಡುವ ಎಲೆಕ್ಟ್ರೋಲಿಸಿಸ್ಸೇ ಗತಿ. "ಪರ್ಮನೆಂಟ್" ಅನ್ನುವುದಕ್ಕೂ ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡುವ ಅಮೆರಿಕದ ಎಫ್‌ಡಿಎ ಒಪ್ಪಿರುವ ಅರ್ಥ ಕೂದಲಿನ ಸಂಖ್ಯೆ ಕಾಯಂ ಆಗಿ ಕಡಿಮೆಯಾಗುವುದು ಅಂತ ಅಷ್ಟೆ, ಪೂರ್ತಿ ಹೋಗುತ್ತದೆ ಅಂತಲ್ಲ.

ಹೋಗಲೇಬೇಕೆಂದರೆ ಚರ್ಮದ ಡಾಕ್ಟರ್ ಇರುವ ಕಡೆ ಹೋಗಿ. ಮಷೀನಿನ ಹೆಸರು, ತರಂಗಾಂತರ, ಪ್ರತಿ ಸಿಟ್ಟಿಂಗಿನ ಜೂಲ್ಸ್, ಬೆಳಕಿನ ಒಂದು ಪಲ್ಸ್ (ಮಿಂಚು) ಎಷ್ಟು ಮಿಲಿಸೆಕೆಂಡ್ ಎಲ್ಲವನ್ನೂ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮೊದಲು ಚಿಕ್ಕ ಜಾಗದಲ್ಲಿ ಟೆಸ್ಟ್ ಮಾಡಿಸಿ, ಎರಡು ದಿನವಾದರೂ ಕಾಯಿರಿ. ಹುಬ್ಬಿನ ಕೆಳಗೆ, ಕಣ್ಣಿನ ಗುಳಿಯೊಳಗೆ ಹೊಡೆಯುತ್ತೇವೆ ಅಂದರೆ ಎದ್ದು ಬನ್ನಿ. ರಿಫಂಡ್ ಕೇಳಿದರೆ ಇವರು ಕೊಡುವುದು "ಇನ್ನೂ ನಾಲ್ಕು ಸಿಟ್ಟಿಂಗ್ ಡಿಸ್ಕೌಂಟ್‌ನಲ್ಲಿ". ಅದೇ ಐಪಿಎಲ್, ಅದೇ ಸೆಟ್ಟಿಂಗ್. ಬೇಡ ಅನ್ನಿ.