ರಿಪೀಟರ್‌ಗೆ ನಾಲ್ಕು ಡೈಪೋಲ್: ಒಂದೇ ಕಡೆಗಾ, ಸುತ್ತಲೂನಾ, ಇಲ್ಲಾ ಫೈಬರ್‌ಗ್ಲಾಸ್ ಕೋಲಾ?

ಕಾರವಾರದಲ್ಲಿ ಹ್ಯಾಮ್ ರೇಡಿಯೊದ 2 ಮೀಟರ್ ಅಲೆಗೆ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸುವ ಯಂತ್ರ) ಹಾಕುವವರು ಮೊದಲು ಜಾಗ ನೋಡಬೇಕು. ಪಶ್ಚಿಮಕ್ಕೆ ಬರೀ ಸಮುದ್ರ. ಹಾಗಾಗಿ ನಾಲ್ಕೂ ಡೈಪೋಲ್‌ಗಳನ್ನು (ಸರಳಿನ ಆಂಟೆನಾಗಳನ್ನು) ಕಂಬದ ಪೂರ್ವಕ್ಕೆ, ಸುಮಾರು 50 ಸೆಂ.ಮೀ. ದೂರದಲ್ಲಿ, ಒಂದರ ಮೇಲೊಂದು ಒಂದೇ ಸಾಲಿಗೆ ಕಟ್ಟಿ. ಆ ಕಡೆಗೆ ಸುಮಾರು 9 ಡಿಬಿಡಿ (ಒಂದೇ ಡೈಪೋಲ್‌ಗೆ ಹೋಲಿಸಿದ ಡೆಸಿಬೆಲ್ ಲೆಕ್ಕ) ಗೇನ್, ಅಂದರೆ ಸಿಗ್ನಲ್‌ನ ಹೆಚ್ಚಳ, ಸಿಗುತ್ತದೆ. ಒಂದೊಂದನ್ನೂ 90 ಡಿಗ್ರಿ ತಿರುಗಿಸಿ ಸುತ್ತಲೂ ಹಂಚಿದರೆ ಸುಮಾರು 6. ಈ 3 ಡಿಬಿ ಅಂದರೆ ಪವರ್ ಎರಡು ಪಟ್ಟಾದ ಹಾಗೆ, ಸಣ್ಣ ಮಾತಲ್ಲ.

ಸಿರ್ಸಿಯಲ್ಲಿ ಹಾಗಲ್ಲ. ಘಟ್ಟದ ಮೇಲಿನ ಊರು, ನಾಲ್ಕೂ ದಿಕ್ಕಿಗೆ ಜನ ಇದ್ದಾರೆ. ಅಲ್ಲಿ ಹಂಚಿ ಕಟ್ಟಿದ್ದೇ ಸರಿ.

ತಿರುಗಿಸೋದು ಸುಲಭ, ಕ್ಲ್ಯಾಂಪ್ ಸಡಿಲಿಸಿದರಾಯಿತು. ಆದರೆ ಒಂದು ಡೈಪೋಲ್ ತಲೆಕೆಳಗಾದರೂ ಫೇಸ್ (ಅಲೆಯ ಏರಿಳಿತ) ಉಲ್ಟಾ ಆಗಿ ಗೇನ್ ಹಾಳಾಗುತ್ತದೆ. ಮೇಲಕ್ಕೆ ಹತ್ತುವ ಮೊದಲೇ ಗುರುತು ಹಾಕಿಕೊಳ್ಳಿ.

ಫೈಬರ್‌ಗ್ಲಾಸ್ ಕೋಲು (ಒಳಗೇ ಆಂಟೆನಾ ಇರುವ ಕೊಳವೆ) ಹಗುರ, ಕಟ್ಟೋದೂ ಬೇಗ. ಕಂಬದ ತುದಿ ಖಾಲಿ ಇದ್ದು, ದುಡ್ಡು ಕಡಿಮೆ ಇದ್ದರೆ ಅದನ್ನೇ ಹಾಕಿ. ಒಳಗೆ ನೀರು ಇಳಿದರೆ ಮಾತ್ರ ಸಾಮಾನ್ಯವಾಗಿ ಇಡೀ ಕೋಲೇ ಬದಲಿಸಬೇಕು. ಡೈಪೋಲ್‌ನಲ್ಲಿ ಕೆಟ್ಟಿದ್ದೊಂದನ್ನೇ ಬಿಚ್ಚಬಹುದು. ಆದರೆ ಜಾಯಿಂಟ್ ಜಾಸ್ತಿ. ಕಡಲ ಗಾಳಿಗೆ ಸಿಕ್ಕ ಒಂದು ಜಾಯಿಂಟ್‌ನ ಟೇಪ್ ಬಿಚ್ಚಿದಾಗ ತಾಮ್ರದ ಮೇಲೆಲ್ಲ ಹಸಿರು ಪುಡಿ ಹಿಡಿದಿತ್ತು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ, ಟೇಪ್ ಹೊಸದು ಸುತ್ತಿ.