ಚಿಕ್ಕಮಗಳೂರಿನ ರಫ್ತು ತರಬೇತಿ: ನಾಲ್ಕು ಜನರಿಗಾಗಿ ಹೋಗಿ, ಐದನೆಯವರನ್ನು ಬಿಡಿ

ಕಾಫಿ, ಕಾಳುಮೆಣಸು ಬೆಳೆಯುವವರಿಗೆ ಅಂತ ಚಿಕ್ಕಮಗಳೂರಿನಲ್ಲಿ ಶನಿವಾರ, ಭಾನುವಾರ ಒಂದು ರಫ್ತು ತರಬೇತಿ ನಡೆಯಿತು. ಕೆ.ಎಂ. ರಸ್ತೆಯ ಹೋಟೆಲೊಂದರ ಹಾಲ್, ತಲಾ 3,500 ರೂಪಾಯಿ, ಮಧ್ಯಾಹ್ನದ ಊಟ ಸೇರಿ. ನಡೆಸಿದವರ ಹೆಸರು ಇಲ್ಲಿ ಹಾಕುವುದಿಲ್ಲ. ಅವರ ಮೇಲೆ ನನ್ನದೊಂದು ದೂರು ಇದೆ, ಮುಂದೆ ಹೇಳುತ್ತೇನೆ. ಇಂಥ ತರಬೇತಿಗೆ ದುಡ್ಡು ಕಟ್ಟುವ ಮುಂಚೆ ಏನು ನೋಡಬೇಕು ಅನ್ನೋದು ನಮ್ಮ ಬೆಳೆಗಾರರಿಗೆ ಗೊತ್ತಿರಲಿ ಅನ್ನೋದಷ್ಟೇ ನನ್ನ ಉದ್ದೇಶ.

ಮೊದಲು ತೀರ್ಪು ಹೇಳಿಬಿಡುತ್ತೇನೆ. ಮಾತಾಡಿದ ಐವರಲ್ಲಿ ನಾಲ್ವರು ಕೊಟ್ಟ ದುಡ್ಡಿಗೆ ಮೋಸ ಮಾಡಲಿಲ್ಲ. ಐದನೆಯವರನ್ನು ಅಲ್ಲಿ ಕೂರಿಸಲೇಬಾರದಿತ್ತು.

ಕೈಗೆ ಕೊಟ್ಟ ಕರಪತ್ರದಲ್ಲಿ ಐವರ ಹೆಸರಿನ ಕೆಳಗೂ ‘ಅಂತಾರಾಷ್ಟ್ರೀಯ ವ್ಯಾಪಾರ ತಜ್ಞರು’ ಅಂತ ಒಂದೇ ಸಾಲು. ಎಲ್ಲಿ ಕೆಲಸ ಮಾಡಿದ್ದಾರೆ, ಏನು ಮಾಡಿದ್ದಾರೆ, ಒಂದೂ ಇಲ್ಲ. ಅವರು ಮಾತು ಶುರು ಮಾಡಿದ ಮೇಲೆಯೇ ನಮಗೆ ಗೊತ್ತಾಗಿದ್ದು, ಒಬ್ಬರು ವಾಣಿಜ್ಯ ಸಚಿವಾಲಯದಲ್ಲಿದ್ದು, ವಿಶ್ವ ವ್ಯಾಪಾರ ಸಂಸ್ಥೆ ಇರುವ ಜಿನೀವಾದಲ್ಲೂ ಕೆಲಸ ಮಾಡಿ ನಿವೃತ್ತರಾದ ಅಧಿಕಾರಿ, ಒಬ್ಬರು ಬೆಂಗಳೂರಿನ ವಕೀಲೆ, ಒಬ್ಬರು ಅರ್ಥಶಾಸ್ತ್ರ ಪಾಠ ಮಾಡುವ ಪ್ರಾಧ್ಯಾಪಕರು, ಇನ್ನೊಬ್ಬರು ಮಂಗಳೂರಿನ ಕಸ್ಟಮ್ಸ್ ಬ್ರೋಕರ್, ಅಂದರೆ ನಾವು ಕಸ್ಟಮ್ಸ್ ಏಜೆಂಟ್ ಅನ್ನುತ್ತೇವಲ್ಲ, ಅವರು. ನಾಲ್ವರೂ ತಜ್ಞರೇ, ಸರಿ. ಆದರೆ ನಾಲ್ವರ ತಲೆಯಲ್ಲಿರುವ ವಿಷಯ ಪೂರ್ತಿ ಬೇರೆ ಬೇರೆ. ಇದು ಕರಪತ್ರದಲ್ಲೇ ಇದ್ದಿದ್ದರೆ ಯಾರಿಗೆ ಯಾವ ಪ್ರಶ್ನೆ ಅಂತ ಮನೆಯಲ್ಲೇ ಬರೆದುಕೊಂಡು ಬರಬಹುದಿತ್ತು, ಅಲ್ವಾ?

ಈ ವ್ಯತ್ಯಾಸ ಚೆನ್ನಾಗಿ ಕಂಡಿದ್ದು ಶನಿವಾರ ಮಧ್ಯಾಹ್ನ. ಕಳಸದ ಕಡೆಯ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತು ಕೇಳಿದರು: “ಸರ್, ಶ್ರೀಲಂಕಾದಿಂದ ಬರೋ ಮೆಣಸು ನಿಜವಾಗ್ಲೂ ಅಲ್ಲೇ ಬೆಳೆದದ್ದಾ? ವಿಯೆಟ್ನಾಂದು ಅಲ್ಲಿಗೆ ಬಂದು ಇಲ್ಲಿಗೆ ಬರ್ತಿದ್ರೆ ತಡೆಯೋರು ಯಾರು?” ಇಡೀ ಹಾಲ್ ಚಪ್ಪಾಳೆ ಹೊಡೆಯಿತು. ಮೆಣಸಿನ ರೇಟು ಬಿದ್ದಾಗಲೆಲ್ಲ ಮೂಡಿಗೆರೆಯಿಂದ ಸಕಲೇಶಪುರದವರೆಗೆ ಎಲ್ಲರ ಬಾಯಲ್ಲಿ ಬರುವ ಪ್ರಶ್ನೆ ಇದು. ಮೈಕ್ ಒಬ್ಬರಿಂದ ಒಬ್ಬರಿಗೆ ಹೋಯಿತು.

ನಿವೃತ್ತ ಅಧಿಕಾರಿ ಒಪ್ಪಂದದಿಂದಲೇ ಶುರು ಮಾಡಿದರು. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1998ರ ಡಿಸೆಂಬರ್‌ನಲ್ಲಿ, ಜಾರಿಗೆ ಬಂದಿದ್ದು 2000ದ ಮಾರ್ಚ್‌ನಲ್ಲಿ. ಅದರಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕ ಇಲ್ಲದೆ ಬರಬಹುದು. ಆಮೇಲೆ ಅವರು ಹೇಳಿದ ಮಾತನ್ನು ನಮ್ಮ ಸಂಘದವರು ಬರೆದಿಟ್ಟುಕೊಳ್ಳಬೇಕು: ಮಾತುಕತೆಗೆ ಕೂರುವ ಅಧಿಕಾರಿಯ ಕೈಯಲ್ಲಿ ಬೆಳೆಗಾರರು ಅಂಕಿ ಅಂಶದ ಜೊತೆ ಬರೆದುಕೊಟ್ಟ ಕಾಗದ ಇರಬೇಕು, ಪತ್ರಿಕೆಯಲ್ಲಿ ಬಂದ ಹೇಳಿಕೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಎದುರು ಕೂತವರ ಜೊತೆ ಹಗ್ಗಜಗ್ಗಾಟ ಮಾಡಿದವರು ಮಾತ್ರ ಹೀಗೆ ಹೇಳಬಲ್ಲರು.

ಪ್ರಾಧ್ಯಾಪಕರು ಬೋರ್ಡ್ ಮೇಲೆ ಎರಡೇ ಅಂಕಿ ಬರೆದರು. ಕರಿಮೆಣಸಿನ ಸಾಮಾನ್ಯ ಆಮದು ಸುಂಕ ಶೇ. 70. ಶ್ರೀಲಂಕಾದ್ದು ಅಂತ ಕಾಗದ ಇದ್ದರೆ, ಆ 2,500 ಟನ್ ಕೋಟಾ ಮುಗಿದ ಮೇಲೂ ಸಾಫ್ಟಾ, ಅಂದರೆ ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದಡಿ ಶೇ. 8. ಎರಡರ ನಡುವೆ ಇಷ್ಟು ದೊಡ್ಡ ಅಂತರ ಇದ್ದರೆ, ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂನ ಮಾಲಿಗೆ ಸುತ್ತು ದಾರಿ ಹುಡುಕುವ ಆಸೆ ಹುಟ್ಟೇ ಹುಟ್ಟುತ್ತದೆ ಅಂದರು. ಯಾಕೆ ಬರುತ್ತದೆ ಅನ್ನೋದು ಅರ್ಥವಾಯಿತು. ಹೇಗೆ ತಡೆಯಬೇಕು ಅನ್ನೋದು ಅವರ ವಿಷಯ ಅಲ್ಲ, ಅದನ್ನು ಅವರೇ ನೇರವಾಗಿ ಹೇಳಿ ಮೈಕ್ ಕೊಟ್ಟರು. ಅದು ನನಗೆ ಇಷ್ಟವಾಯಿತು.

ವಕೀಲೆ ಕೇಳಿದ ಮೊದಲ ಪ್ರಶ್ನೆಯೇ “ಯಾವ ನಿಯಮ ಮುರಿದಿದೆ?” ಅಂತ. ಕೃಷಿ ಬೆಳೆಗೆ ರಿಯಾಯಿತಿ ಸಿಗಬೇಕಾದರೆ ಅದು ಆ ದೇಶದ ನೆಲದಲ್ಲೇ ಬೆಳೆದು ಕೊಯ್ದದ್ದಾಗಿರಬೇಕು, ಹೊರಗಿನಿಂದ ತಂದು ಚೀಲ ಬದಲಾಯಿಸಿದರೆ ಆಗುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಸರ್ಕಾರ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿದ್ದು ನಿಮಗೆಲ್ಲ ನೆನಪಿರಬೇಕು. ಇಂಥ ಕ್ರಮವನ್ನು ಬೇರೆ ದೇಶ ಆಮದಿಗೆ ಸುಂಕ ಬಿಟ್ಟು ಬೇರೆ ತಡೆ ಹಾಕಬಾರದು ಅನ್ನೋ ಗ್ಯಾಟ್ (ದೇಶ ದೇಶಗಳ ಸರಕು ವ್ಯಾಪಾರದ) ಒಪ್ಪಂದದ 11ನೇ ವಿಧಿಯಡಿ ಪ್ರಶ್ನಿಸಬಹುದು ಅಂತ ಅವರು ಎಚ್ಚರಿಸಿದರು. ಅದಕ್ಕೆ ಉದಾಹರಣೆಯಾಗಿ ಹೇಳಿದ್ದು ವಿಶ್ವ ವ್ಯಾಪಾರ ಸಂಸ್ಥೆಯ 1999ರ ತೀರ್ಪು. ಅಮೆರಿಕ ತಂದ ದೂರಿನಲ್ಲಿ ಭಾರತ ಸೋತು, ಆಮದಿನ ಮೇಲೆ ಉಳಿಸಿಕೊಂಡಿದ್ದ ಪ್ರಮಾಣ ನಿರ್ಬಂಧಗಳನ್ನು (ಇಷ್ಟೇ ತರಬಹುದು ಅನ್ನೋ ಮಿತಿಗಳನ್ನು) 2001ರ ಏಪ್ರಿಲ್ 1ರ ಹೊತ್ತಿಗೆ ತೆಗೆಯಬೇಕಾಯಿತು.

ಕೊನೆಗೆ ಕಸ್ಟಮ್ಸ್ ಬ್ರೋಕರ್. ಅವರು ಭಾಷಣ ಮಾಡಲೇ ಇಲ್ಲ. ಲ್ಯಾಪ್‌ಟಾಪ್ ತೆರೆದು, ಹೆಸರುಗಳನ್ನೆಲ್ಲ ಕಪ್ಪು ಮಾಡಿದ ಒಂದು ಮೂಲ ಪ್ರಮಾಣಪತ್ರವನ್ನು, ಅಂದರೆ ಮಾಲು ಯಾವ ದೇಶದ್ದು ಅಂತ ಹೇಳುವ ಕಾಗದವನ್ನು, ಪರದೆ ಮೇಲೆ ಹಾಕಿದರು. ಮೂಲದ ಮಾನದಂಡ ಬರೆಯುವ ಕಲಂ ಮೇಲೆ ಬೆರಳಿಟ್ಟು, ಇಷ್ಟಗಲ ಜಾಗದಲ್ಲಿ ಬರೆದದ್ದರ ಮೇಲೆ ಇಡೀ ಕಂಟೇನರಿನ ಸುಂಕ ನಿಂತಿದೆ ನೋಡಿ ಅಂದರು. 2020ರಲ್ಲಿ ಕಸ್ಟಮ್ಸ್ ಕಾಯ್ದೆಗೆ 28ಡಿಎ ಅನ್ನೋ ಸೆಕ್ಷನ್ ಸೇರಿತು, ಅದರ ಜೊತೆ ಆಮದು ಮಾಲಿನ ಮೂಲ ಪರಿಶೀಲಿಸುವ ಕರೋಟಾರ್ ನಿಯಮಗಳು ಬಂದವು, ಆ ವರ್ಷದ ಸೆಪ್ಟೆಂಬರ್ 21ರಿಂದ ಜಾರಿ. ಈಗ ಪ್ರಮಾಣಪತ್ರ ತೋರಿಸಿದರೆ ಸಾಲದು. ಮಾಲು ಎಲ್ಲಿ ಬೆಳೆದದ್ದು ಅನ್ನೋ ಮಾಹಿತಿ ಆಮದು ಮಾಡಿಕೊಳ್ಳುವವನ ಹತ್ತಿರವೇ ಇರಬೇಕು, ಐದು ವರ್ಷ ಇಟ್ಟುಕೊಳ್ಳಬೇಕು, ಅಧಿಕಾರಿ ಕೇಳಿದಾಗ ಕೊಡಬೇಕು. ಅನುಮಾನ ಇದ್ದರೆ ಬಂದರು, ತಿಂಗಳು, ಅಂದಾಜು ಪ್ರಮಾಣ ಬರೆದು ಕಂದಾಯ ಗುಪ್ತಚರ ನಿರ್ದೇಶನಾಲಯಕ್ಕೆ ಕಳಿಸಿ, ಸುಮ್ನೆ “ಕಳ್ಳ ಮೆಣಸು ಬರ್ತಿದೆ” ಅಂದರೆ ಯಾರೂ ತನಿಖೆ ಶುರು ಮಾಡಲು ಆಗುವುದಿಲ್ಲ ಅಂದರು. ಕಳಸದ ಹಿರಿಯರು ಅಷ್ಟನ್ನೂ ಕರಪತ್ರದ ಹಿಂದೆ ಬರೆದುಕೊಂಡರು.

ಒಂದೇ ಪ್ರಶ್ನೆಗೆ ನಾಲ್ಕು ಉತ್ತರ, ನಾಲ್ಕೂ ಸರಿ, ನಾಲ್ಕೂ ಬೇಕು. ಒಬ್ಬರನ್ನೇ ಕರೆಸಿದ್ದರೆ ಕಾಲು ಭಾಗ ಮಾತ್ರ ಸಿಗುತ್ತಿತ್ತು. ಈ ತರಬೇತಿಯ ನಿಜವಾದ ಬೆಲೆ ಇಲ್ಲಿದೆ.

ಪ್ರಾಧ್ಯಾಪಕರ ಇನ್ನೊಂದು ಅವಧಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲೆ. ಒಣ ವಿಷಯ ಅಂದುಕೊಂಡು ಹಿಂದಿನ ಸಾಲಿನವರು ಟೀ ಕುಡಿಯಲು ಹೊರಟಿದ್ದರು, ಆದರೆ ನನಗೆ ತುಂಬಾ ಹಿಡಿಸಿತು. ದೇಶ ದೇಶಗಳ ಜಗಳ ತೀರ್ಮಾನಿಸುವ ಸಮಿತಿಗೆ ಯಾರನ್ನು ಹಾಕಬಹುದು ಅಂತ ಅಲ್ಲಿನ ವಿವಾದ ಇತ್ಯರ್ಥದ ಒಪ್ಪಂದ 8ನೇ ವಿಧಿಯಲ್ಲೇ ಬರೆದಿದೆ. ಮುಂಚೆ ಅಂಥ ಸಮಿತಿಯಲ್ಲಿ ಕೂತವರು, ಅದರ ಮುಂದೆ ವಾದ ಮಾಡಿದವರು, ದೇಶದ ಪ್ರತಿನಿಧಿಯಾಗಿದ್ದವರು, ಸಂಸ್ಥೆಯ ಸಚಿವಾಲಯದಲ್ಲಿ ದುಡಿದವರು, ವ್ಯಾಪಾರ ಕಾನೂನು ಅಥವಾ ನೀತಿಯ ಬಗ್ಗೆ ಪಾಠ ಮಾಡಿದವರು, ಬರೆದವರು, ಹಿರಿಯ ವ್ಯಾಪಾರ ನೀತಿ ಅಧಿಕಾರಿಗಳು. ಕಾನೂನು ಪದವಿ ಇರಲೇಬೇಕು ಅಂತ ಇಲ್ಲ. ವಿವಾದದಲ್ಲಿರುವ ದೇಶದ ಪ್ರಜೆಯನ್ನು ಎರಡೂ ಕಡೆಯವರು ಒಪ್ಪದೆ ಹಾಕುವ ಹಾಗೂ ಇಲ್ಲ.

ಆ ಸಮಿತಿಯ ತೀರ್ಪು ಒಪ್ಪದವರು ಹೋಗುವ ಮೇಲ್ಮನವಿ ಮಂಡಳಿಯಲ್ಲಿ ಏಳು ಜನ ಇರಬೇಕು, ಒಂದು ಅವಧಿ ನಾಲ್ಕು ವರ್ಷ, ಇನ್ನೊಂದು ಸಲ ಮುಂದುವರಿಸಬಹುದು. ಅಲ್ಲಿ ಕೂತ ಇಬ್ಬರು ಭಾರತೀಯರೂ ಐ.ಎ.ಎಸ್. ಅಧಿಕಾರಿಗಳಾಗಿದ್ದವರು. ಎ.ವಿ. ಗಣೇಶನ್ ವಾಣಿಜ್ಯ ಕಾರ್ಯದರ್ಶಿಯಾಗಿದ್ದವರು, 2000ದಿಂದ 2008ರವರೆಗೆ ಮಂಡಳಿಯಲ್ಲಿದ್ದರು. ಉಜಲ್ ಸಿಂಗ್ ಭಾಟಿಯಾ ಜಿನೀವಾದಲ್ಲಿ ನಮ್ಮ ರಾಯಭಾರಿಯಾಗಿದ್ದು, 2011ರಿಂದ 2019ರವರೆಗೆ ಮಂಡಳಿಯಲ್ಲಿದ್ದರು. ಇನ್ನೊಂದು ಕಡೆ, ಅದೇ ಮಂಡಳಿಯಲ್ಲಿದ್ದ ಜೇಮ್ಸ್ ಬ್ಯಾಕಸ್ ಅಮೆರಿಕದ ಸಂಸತ್ತಿನ ಸದಸ್ಯರಾಗಿದ್ದವರು. ಈಗ ಸಂಸ್ಥೆಯ ಮಹಾನಿರ್ದೇಶಕಿಯಾಗಿರುವ ಎನ್‌ಗೋಜಿ ಒಕೊಂಜೊ ಇವೇಲಾ ಅರ್ಥಶಾಸ್ತ್ರಜ್ಞೆ, ವಿಶ್ವ ಬ್ಯಾಂಕಿನಲ್ಲಿ ಕೆಲಸ ಮಾಡಿ ನೈಜೀರಿಯಾದ ಹಣಕಾಸು ಸಚಿವೆಯಾಗಿದ್ದವರು. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡ ನಿಂತಿದ್ದರಿಂದ 2019ರ ಡಿಸೆಂಬರ್‌ನಿಂದ ಮೇಲ್ಮನವಿ ಮಂಡಳಿಗೆ ಕೇಸು ಕೇಳಲು ಆಗುತ್ತಿಲ್ಲ, ಅದು ಬೇರೆ ಕಥೆ. ಅಲ್ಲಿ ಒಬ್ಬರನ್ನು ಆರಿಸಬೇಕಾದರೆ ಅವರು ಹಿಂದೆ ಏನು ಮಾಡಿದ್ದರು ಅನ್ನೋದನ್ನೇ ಮೊದಲು ನೋಡುತ್ತಾರೆ. ನಮ್ಮೂರಿನ ತರಬೇತಿಗೆ ಮಾತ್ರ ಯಾಕೆ ಬೇಡ?

ಈಗ ದೂರು. ಐದನೆಯವರು ಭಾನುವಾರ ಊಟದ ನಂತರ ಬಂದರು. ವಿಷಯ ಯುರೋಪಿನ ಅರಣ್ಯನಾಶ ತಡೆ ನಿಯಮ. ನಮ್ಮ ಕಾಫಿಗೆ ಇದು ದೊಡ್ಡ ವಿಷಯ, ಯಾಕೆಂದರೆ ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. 2023ರಲ್ಲಿ ಬಂದ ಈ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಯುರೋಪಿಗೆ ಹೋಗುವ ಹಾಗಿಲ್ಲ, ತೋಟ ಎಲ್ಲಿದೆ ಅನ್ನೋ ಮಾಹಿತಿ ಜೊತೆಗೆ ಹೋಗಬೇಕು. 2024ರ ಕೊನೆಗೆ ಜಾರಿಯಾಗಬೇಕಿದ್ದದ್ದು ಮುಂದಕ್ಕೆ ಹೋಗಿದೆ. ಇಷ್ಟು ಅವರೂ ಸರಿಯಾಗಿಯೇ ಹೇಳಿದರು.

ಆಮೇಲೆ, ಎಲ್ಲ ಬೆಳೆಗಾರರೂ ತೋಟದ ಗಡಿಯನ್ನು ಡ್ರೋನ್‌ನಲ್ಲಿ ಸರ್ವೆ ಮಾಡಿಸಿ ನಕ್ಷೆ ಮಾಡಿಸಲೇಬೇಕು, ಇಲ್ಲದಿದ್ದರೆ ಕಾಫಿ ಯಾರೂ ಕೊಳ್ಳುವುದಿಲ್ಲ ಅಂತ ಹೆದರಿಸಿ, ಎಕರೆಗೆ ಇಷ್ಟು ಅಂತ ತಮ್ಮದೇ ಪ್ಯಾಕೇಜಿನ ಫಾರಂ ಹಂಚಲು ಶುರು ಮಾಡಿದರು. ನನ್ನ ಪಕ್ಕದಲ್ಲಿದ್ದ ಹೆಣ್ಣುಮಗಳದ್ದು ಮೂರು ಎಕರೆ ತೋಟ, ಪಾಪ ಅವರು ಪೆನ್ ತೆಗೆದೇ ಬಿಟ್ಟಿದ್ದರು. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ವಕೀಲೆ ಎದ್ದು ನಿಂತರು. ಗಡಿ ಗುರುತಿಸಿದ ನಕ್ಷೆ ಬೇಕಾಗಿರುವುದು ನಾಲ್ಕು ಹೆಕ್ಟೇರ್‌ಗಿಂತ ಜಾಸ್ತಿ ಇರುವ ಜಾಗಕ್ಕೆ, ಅಂದರೆ ಹೆಚ್ಚು ಕಡಿಮೆ ಹತ್ತು ಎಕರೆ. ಅದಕ್ಕಿಂತ ಚಿಕ್ಕದಕ್ಕೆ ಅಕ್ಷಾಂಶ, ರೇಖಾಂಶದ ಒಂದು ಬಿಂದು ಸಾಕು, ದಶಮಾಂಶದ ನಂತರ ಆರು ಅಂಕಿ ಇರಬೇಕು ಅಷ್ಟೇ. ನಿಯಮ ಪಾಲಿಸಿದ್ದೇವೆ ಅನ್ನೋ ಹೇಳಿಕೆ ಸಲ್ಲಿಸುವ ಜವಾಬ್ದಾರಿ ಯುರೋಪಿನಲ್ಲಿ ಮಾಲನ್ನು ಮಾರುಕಟ್ಟೆಗೆ ತರುವವರದ್ದು, ಬೆಳೆಗಾರರು ಮಾಹಿತಿ ಕೊಡಬೇಕು. ಇಷ್ಟನ್ನು ಅವರು ದನಿ ಏರಿಸದೆ ಹೇಳಿ ಕೂತರು. ಆ ಹೆಣ್ಣುಮಗಳು ಫಾರಂ ಮಡಿಸಿ ಬ್ಯಾಗಿಗೆ ಹಾಕಿಕೊಂಡರು.

ನಾನು ಎದ್ದು ಐದನೆಯವರನ್ನು ಕೇಳಿದೆ: ಸರ್, ನೀವು ಮುಂಚೆ ಎಲ್ಲಿ ಕೆಲಸ ಮಾಡುತ್ತಿದ್ದಿರಿ? “ಇಪ್ಪತ್ತು ವರ್ಷ ಈ ಕ್ಷೇತ್ರದಲ್ಲಿದ್ದೇನೆ” ಅಂದರು. ಯಾವ ಕಚೇರಿ, ಯಾವ ಕಂಪನಿ, ಯಾವ ಬಂದರು ಅಂತ ಮತ್ತೆ ಕೇಳಿದರೆ ಆಯೋಜಕರು ಸಮಯ ಆಯಿತು ಅಂತ ಮೈಕ್ ತೆಗೆದುಕೊಂಡರು. ಇದು ನನಗೆ ನಿಜಕ್ಕೂ ಬೇಸರ ತಂದಿತು. ವಕೀಲರಾಗಲು ಬಾರ್ ಕೌನ್ಸಿಲ್ ನೋಂದಣಿ ಬೇಕು. ಕಸ್ಟಮ್ಸ್ ಬ್ರೋಕರ್‌ಗೆ 2018ರ ನಿಯಮಾವಳಿ ಪ್ರಕಾರ ಲೈಸೆನ್ಸ್ ಬೇಕು, ಅದಕ್ಕೆ ಲಿಖಿತ ಪರೀಕ್ಷೆ, ಮೌಖಿಕ ಪರೀಕ್ಷೆ ಎರಡೂ ಇವೆ. ವ್ಯಾಪಾರ ತಜ್ಞ ಅಂತ ಕಾರ್ಡ್ ಮಾಡಿಸಿಕೊಳ್ಳಲು ಏನೂ ಬೇಡ. ಹಾಗಾಗಿ ಕರೆಸುವವರೇ ವಿಚಾರಿಸಬೇಕು. ನಮ್ಮಿಂದ ದುಡ್ಡು ತೆಗೆದುಕೊಂಡ ಮೇಲೆ ಅದು ಅವರ ಕರ್ತವ್ಯ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಊಟ ಚೆನ್ನಾಗಿತ್ತು, ಅಕ್ಕಿರೊಟ್ಟಿ ಬಿಸಿಯಾಗಿಯೇ ಬಂತು. ಹಾಲ್‌ನಲ್ಲಿ ಹಿಂದಿನ ಸಾಲಿಗೆ ಪರದೆ ಕಾಣುವುದಿಲ್ಲ, ಮುಂಚೆ ಹೋಗಿ ಮುಂದೆ ಕೂರಿ. ಕೊಟ್ಟ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿದೆ. ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕನ್ನಡದಲ್ಲಿ ಓದುವವರು. ಸರಕು ಗುರುತಿಸುವ ಕಸ್ಟಮ್ಸ್ ಕೋಡ್‌ಗಳ ಪಟ್ಟಿ, ಬೇಕಾದ ದಾಖಲೆಗಳ ಪಟ್ಟಿ ಇವೆರಡನ್ನಾದರೂ ಕನ್ನಡದಲ್ಲಿ ಕೊಡಲೇಬೇಕಿತ್ತು.

ಭಾನುವಾರ ಬೆಳಗ್ಗೆ ಬ್ರೋಕರ್ ನಡೆಸಿದ ದಾಖಲೆಗಳ ಅವಧಿಯಂತೂ ಬಹಳ ಚೆನ್ನಾಗಿತ್ತು. ಹುರಿಯದ ಕಾಫಿಗೆ ಕೋಡ್ 090111, ಹುರಿದದ್ದಕ್ಕೆ 090121, ಇನ್‌ಸ್ಟಂಟ್ ಕಾಫಿ ಬೇರೆ ಅಧ್ಯಾಯವೇ, 2101. ನಮ್ಮ ದೇಶದ ಎಂಟು ಅಂಕಿಯ ಕೋಡಿಗೆ ಬಂದರೆ ಅರೇಬಿಕಾ ಪ್ಲಾಂಟೇಷನ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಎಲ್ಲವೂ ಬೇರೆ ಬೇರೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ (ಡಿ.ಜಿ.ಎಫ್.ಟಿ.) ಆಮದು–ರಫ್ತಿಗೆ ಬೇಕಾದ ಐ.ಇ.ಸಿ. ನಂಬರ್, ಕಾಫಿ ಮಂಡಳಿಯಲ್ಲಿ ರಫ್ತುದಾರರ ನೋಂದಣಿ, ಆಮೇಲೆ ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್, ಹೀಗೆ ಒಂದಾದ ಮೇಲೆ ಒಂದು ಬಿಡಿಸಿ ಹೇಳಿದರು. ಯಾರು ಏನೇ ಕೇಳಿದರೂ ಮುಖ ಗಂಟು ಹಾಕಿಕೊಳ್ಳಲಿಲ್ಲ.

ಇದನ್ನೇ ಮುಂದೆ ಸಕಲೇಶಪುರದಲ್ಲಿ ಮಾಡುತ್ತಾರಂತೆ. ಹೋಗುವವರು ಫೋನ್ ಮಾಡಿ ಭಾಷಣಕಾರರ ಹಿಂದಿನ ಕೆಲಸ ಏನು ಅಂತ ಒಬ್ಬೊಬ್ಬರದ್ದಾಗಿ ಕೇಳಿ, ಬರೆದು ಕಳಿಸಿ ಅನ್ನಿ. ಆ ಬ್ರೋಕರ್, ಆ ವಕೀಲೆ ಬರುತ್ತಾರೆ ಅಂದರೆ ಕಣ್ಣುಮುಚ್ಚಿ ದುಡ್ಡು ಕಟ್ಟಿ. ಸ್ವಂತ ಹೆಸರಿನಲ್ಲಿ ರಫ್ತು ಮಾಡುವ ಯೋಚನೆ ಇದ್ದವರಿಗೆ, ಬೆಳೆಗಾರರ ಸಂಘದ ಪದಾಧಿಕಾರಿಗಳಿಗೆ ಇದು ಖಂಡಿತ ಬೇಕು. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಅಥವಾ ವ್ಯಾಪಾರಿಗೆ ಮಾಲು ಕೊಟ್ಟು ಸುಮ್ಮನಾಗುವವರಿಗೆ ಇಷ್ಟು ಖರ್ಚು ಬೇಡ. ಯುರೋಪಿನ ನಿಯಮದ ಬಗ್ಗೆ ಮಾತ್ರ ತಿಳಿಯಬೇಕಿದ್ದರೆ ಮೊದಲು ಹತ್ತಿರದ ಕಾಫಿ ಮಂಡಳಿ ಕಚೇರಿಗೆ ಹೋಗಿ ಕೇಳಿ. ಡ್ರೋನ್ ಪ್ಯಾಕೇಜಿನ ಫಾರಂ ಕೈಗೆ ಬಂದರೆ ಸಹಿ ಹಾಕಬೇಡಿ.