ಅಂಡಮಾನ್ ಕುಟುಂಬ ಪ್ಯಾಕೇಜ್: ಮಂಗಳೂರಿನ ಗಡಿಯಾರ ನೋಡಿ ಹಾಕಿದ ವೇಳಾಪಟ್ಟಿ

ಮಂಗಳೂರಿನ ಹಂಪನಕಟ್ಟೆಯ ಆಸುಪಾಸಿನಲ್ಲಿರುವ ಪ್ರವಾಸ ಸಂಸ್ಥೆಯೊಂದರಿಂದ ನಾವು ಕ್ರಿಸ್‌ಮಸ್ ರಜೆಗೆಂದು ಐದು ರಾತ್ರಿ, ಆರು ಹಗಲಿನ ಅಂಡಮಾನ್ ಪ್ಯಾಕೇಜ್ ಪಡೆದಿದ್ದೆವು. ಮನೆಗೆ ಬೀಗ ಹಾಕಿ ಹೊರಟವರು ಅತ್ತೆ, ಮಾವ, ನಾವಿಬ್ಬರು ಮತ್ತು ಶಾಲೆಗೆ ಹೋಗುವ ಮಗಳು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಗರದ ಹಲವು ಸಂಸ್ಥೆಗಳು ಸ್ವಲ್ಪ ಹೆಚ್ಚುಕಡಿಮೆ ಇದೇ ವೇಳಾಪಟ್ಟಿಯನ್ನು ಮಾರುತ್ತಿರುವುದರಿಂದ ಹೆಸರಿಗಿಂತ ಅದರ ಗುಣದೋಷಗಳನ್ನು ತಿಳಿಯುವುದೇ ಹೆಚ್ಚು ಉಪಯುಕ್ತ. ಕಾರು, ಹೋಟೆಲು, ದ್ವೀಪಗಳ ನಡುವಿನ ಫೆರಿ ಟಿಕೆಟ್ ಇವೆಲ್ಲ ಹೇಳಿದಂತೆಯೇ ದೊರೆತವು, ಅದರಲ್ಲಿ ದೂರಲು ಏನೂ ಇಲ್ಲ. ಆದರೆ ವೇಳಾಪಟ್ಟಿಯನ್ನು ಸಿದ್ಧಪಡಿಸಿದವರು ಅಲ್ಲಿನ ಸೂರ್ಯನನ್ನೂ ನೋಡಿರಲಿಲ್ಲ, ಸಮುದ್ರದ ಉಬ್ಬರ ಇಳಿತವನ್ನೂ ನೋಡಿರಲಿಲ್ಲ.

ಹತ್ತಿರದ ಲಕ್ಷದ್ವೀಪವನ್ನು ಬಿಟ್ಟು ಬಂಗಾಳ ಕೊಲ್ಲಿಯನ್ನು ದಾಟಿ ಏಕೆ ಹೋಗಬೇಕೆಂದು ಮಾವನವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಬಂದರಿನ ದಕ್ಕೆಯಿಂದ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡ ಮಂಜಿಗಳು, ಅಂದರೆ ಸರಕು ಸಾಗಿಸುವ ನಾವೆಗಳು, ಲಕ್ಷದ್ವೀಪಕ್ಕೆ ಹೋಗುವುದನ್ನು ನೋಡುತ್ತ ಬೆಳೆದವರು ಅವರು. ಅಮಿನಿ, ಕಡಮತ್ ಮೊದಲಾದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಆದರೆ ಅಲ್ಲಿಗೆ ಹೋಗಲು ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಪ್ರವಾಸಿಗರ ಹಡಗು ಮತ್ತು ವಿಮಾನಗಳಿಗೆ ಮುಖ್ಯ ದಾರಿ ಕೊಚ್ಚಿ. ಅಂಡಮಾನಿನಲ್ಲಿ ಪ್ರವಾಸಿಗರು ಸಾಮಾನ್ಯವಾಗಿ ಹೋಗುವ ದ್ವೀಪಗಳಿಗೆ ನಮಗೆ ಇಂತಹ ಪರವಾನಗಿಯ ಅಗತ್ಯವಿಲ್ಲ. ಏಜೆನ್ಸಿಗಳು ಅಂಡಮಾನನ್ನೇ ಮುಂದೆ ಮಾಡುವುದರ ಹಿಂದೆ ಈ ಸುಲಭವೂ ಇದ್ದೀತು.

ಈಗ ಸೂರ್ಯನ ವಿಚಾರ. ಮಂಗಳೂರು ಸುಮಾರು 75 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ಅಂಡಮಾನ್ 93ರ ಹತ್ತಿರದಲ್ಲಿದೆ. ಎರಡೂ ಕಡೆ ಗಡಿಯಾರ ಒಂದೇ ಆದರೂ ಅಲ್ಲಿ ಬೆಳಗು ಬೈಗು ಎರಡೂ ನಮಗಿಂತ ಒಂದು ಗಂಟೆಗೂ ಹೆಚ್ಚು ಮುಂಚಿತವಾಗಿ ಆಗುತ್ತವೆ. ಡಿಸೆಂಬರಿನಲ್ಲಿ ಪಣಂಬೂರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಮೇಲೆ. ಅಲ್ಲಿ ಐದರ ಸುಮಾರಿಗೇ. ನಮ್ಮ ಕೈಗೆ ಕೊಟ್ಟ ಹಾಳೆಯಲ್ಲಿ ಸ್ವರಾಜ್ ದ್ವೀಪದ ರಾಧಾನಗರ ಕಡಲತೀರಕ್ಕೆ ಸಂಜೆ ಐದಕ್ಕೆ ಹೊರಡುವುದೆಂದು ಅಚ್ಚಾಗಿತ್ತು. ಅದರಂತೆ ನಡೆದಿದ್ದರೆ, ಶುಚಿಯಾದ, ಸುರಕ್ಷಿತವಾದ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಆ ಬಿಳಿ ಮರಳಿನ ತೀರವನ್ನು ನಾವು ಕತ್ತಲೆಯಲ್ಲಿ ನೋಡಬೇಕಾಗುತ್ತಿತ್ತು. ಅಲ್ಲಿನ ಕಾರಿನ ಚಾಲಕರು ಹಾಳೆಯನ್ನು ಒಮ್ಮೆ ನೋಡಿ, ಮಡಚಿ ಹಿಂದಿರುಗಿಸಿ, ಎರಡೂವರೆಗೆ ಹೊರಡಿರೆಂದರು. ಪಶ್ಚಿಮಕ್ಕೆ ಮುಖ ಮಾಡಿರುವ ರಾಧಾನಗರವನ್ನು ಇಳಿಹೊತ್ತಿಗೂ, ಪೂರ್ವದ ಕಾಲಾಪತ್ಥರ್ ತೀರವನ್ನು ನಸುಕಿಗೂ ಇಟ್ಟುಕೊಳ್ಳುವುದೇ ಸರಿಯಾದ ಕ್ರಮ. ಈ ಪ್ರವಾಸದಲ್ಲಿ ನಮಗೆ ದೊರೆತ ಅತ್ಯುತ್ತಮ ಸೇವೆ ಆ ಚಾಲಕರದು, ಏಜೆನ್ಸಿಯದಲ್ಲ.

ಶಹೀದ್ ದ್ವೀಪದಲ್ಲಿ ತೊಂದರೆ ಇನ್ನೂ ಸ್ಪಷ್ಟವಾಗಿ ಕಾಣಿಸಿತು. ಲಕ್ಷ್ಮಣಪುರದ ಬಳಿಯಿರುವ ನೈಸರ್ಗಿಕ ಕಲ್ಲಿನ ಸೇತುವೆಯನ್ನು ಸಮುದ್ರ ಇಳಿದಾಗ ಮಾತ್ರ ಹತ್ತಿರದಿಂದ ನೋಡಲು ಸಾಧ್ಯ. ಆಗ ಬಂಡೆಗಳ ನಡುವೆ ನಿಂತ ನೀರಿನ ಹೊಂಡಗಳಲ್ಲಿ ಸಣ್ಣ ಮೀನು, ಏಡಿ, ಸಮುದ್ರ ಸೌತೆಗಳನ್ನು ಸ್ಥಳೀಯ ಗೈಡ್‌ಗಳು ಮಕ್ಕಳಿಗೆ ತೋರಿಸುತ್ತಾರೆ. ಭರತಪುರ ತೀರದಲ್ಲಿ ಇದಕ್ಕೆ ತದ್ವಿರುದ್ಧ: ನೀರು ಇಳಿದರೆ ಹವಳದ ಕಲ್ಲುಗಳು ಮೇಲೆದ್ದು ಈಜುವುದೂ ಗಾಜಿನ ತಳದ ದೋಣಿ ಏರುವುದೂ ಕಷ್ಟ. ಆದ್ದರಿಂದ ಇಳಿತದ ಹೊತ್ತಿಗೆ ಲಕ್ಷ್ಮಣಪುರ, ಉಬ್ಬರದ ಹೊತ್ತಿಗೆ ಭರತಪುರ ಎಂದು ಆ ದಿನದ ಕೋಷ್ಟಕ ನೋಡಿ ನಿರ್ಧರಿಸಬೇಕಾಗುತ್ತದೆ; ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುವುದರಿಂದ ಎಲ್ಲ ಗಿರಾಕಿಗಳಿಗೂ ಒಂದೇ ಹಾಳೆ ಕೊಟ್ಟರೆ ಆಗುವುದಿಲ್ಲ. ಮಲ್ಪೆ, ಗಂಗೊಳ್ಳಿಯ ಮೀನುಗಾರರ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಈ ಲೆಕ್ಕ ಕಡಲತಡಿಯ ಊರಿನ ಪ್ರವಾಸ ಸಂಸ್ಥೆಗೆ ಗೊತ್ತಿಲ್ಲವೆಂದರೆ ನಂಬುವುದು ಕಷ್ಟ. ಸೇತುವೆಗೆ ಹೋಗುವ ದಾರಿಯನ್ನು ಹಾಳೆಯಲ್ಲಿ ಎಲ್ಲ ವಯಸ್ಸಿನವರಿಗೂ ಸುಲಭವೆಂದು ವರ್ಣಿಸಲಾಗಿದೆ. ವಾಸ್ತವದಲ್ಲಿ ಅದು ಸತ್ತ ಹವಳದ ಏರುಪೇರಾದ, ಜಾರುವ ಹಾಸು. ಮಂಡಿನೋವಿರುವ ಅತ್ತೆಯವರು ಮರದ ನೆರಳಿನಲ್ಲಿ ಎಳನೀರು ಕುಡಿಯುತ್ತ ಕುಳಿತುಕೊಳ್ಳಬೇಕಾಯಿತು.

ಶ್ರೀ ವಿಜಯಪುರಂನ, ಅಂದರೆ 2024ರವರೆಗೆ ಪೋರ್ಟ್ ಬ್ಲೇರ್ ಆಗಿದ್ದ ಪಟ್ಟಣದ, ಸೆಲ್ಯುಲರ್ ಜೈಲಿಗೆ ಒಂದೇ ಗಂಟೆ ಮೀಸಲಿಟ್ಟದ್ದು ಇನ್ನೊಂದು ಕೊರತೆ. 1896ರಲ್ಲಿ ಆರಂಭಿಸಿ 1906ರಲ್ಲಿ ಮುಗಿಸಿದ ಈ ಕಟ್ಟಡಕ್ಕೆ ನಡುಗೋಪುರದಿಂದ ಏಳು ಸಾಲುಗಳು ಚಾಚಿಕೊಂಡಿದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೋಣೆಗಳ ಬಾಗಿಲು ಮುಂದಿನ ಸಾಲಿನ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದರಿಂದ ಕೈದಿಗೆ ಮತ್ತೊಬ್ಬ ಕೈದಿಯ ಮುಖ ಕಾಣುತ್ತಿರಲಿಲ್ಲವೆಂಬುದನ್ನು ಮಗಳಿಗೆ ನಿಂತು ತೋರಿಸಲು, ಅವಳು ಕೋಣೆಯೊಳಗೆ ಹೋಗಿ ಪರೀಕ್ಷಿಸಿ ಬರಲು ಸಮಯ ಬೇಕಾಯಿತು. ಕನಿಷ್ಠ ಎರಡೂವರೆ ಗಂಟೆ ಕೇಳಿ ಪಡೆಯಿರಿ. ಸಂಜೆಯ ಧ್ವನಿ ಬೆಳಕಿನ ಕಾರ್ಯಕ್ರಮ ಹಿಂದಿ ಮತ್ತು ಇಂಗ್ಲಿಷಿನಲ್ಲಿರುವುದರಿಂದ ಅತ್ತೆ ಮಾವಂದಿರಿಗೆ ನಾವೇ ಪಿಸುಮಾತಿನಲ್ಲಿ ಕನ್ನಡಕ್ಕೆ ಇಳಿಸಬೇಕಾಯಿತು, ಮುಂದಿನ ಸಾಲಿನವರು ಎರಡು ಸಲ ತಿರುಗಿ ನೋಡಿದರು.

ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗಳ ಪ್ರವಾಸವನ್ನು ನಾವು ಬಿಟ್ಟೆವು. ರಾತ್ರಿ ಮೂರಕ್ಕೆ ಎದ್ದು ಜಿರ್ಕಾಟಾಂಗ್ ತನಿಖಾ ಠಾಣೆಯಲ್ಲಿ ವಾಹನಗಳ ಸಾಲಿಗೆ ಸೇರಿ, ಜಾರವಾ ಬುಡಕಟ್ಟು ಜನರ ಮೀಸಲು ಅರಣ್ಯದ ನಡುವೆ ಸಾಗುವ ದಾರಿ ಅದು. ನಿಲ್ಲಿಸುವುದೂ ಫೋಟೊ ತೆಗೆಯುವುದೂ ನಿಷಿದ್ಧ. ನಿಷೇಧ ಇರಲೇಬೇಕಾದದ್ದು. ಆದರೆ ಆ ಜನರು ಕಾಣಿಸುವ ಸಂಭವವಿದೆಯೆಂಬುದನ್ನೇ ಕೌಂಟರಿನಲ್ಲಿ ಆಕರ್ಷಣೆಯಾಗಿ ಹೇಳಿದ್ದು ನಮಗೆ ಹಿಡಿಸಲಿಲ್ಲ. ಆ ದಿನವನ್ನು ಕೈಬಿಟ್ಟು ಎಲಿಫೆಂಟ್ ಬೀಚಿನ ಸ್ನಾರ್ಕೆಲಿಂಗ್ ಸೇರಿಸಿರೆಂದಾಗ ಅವರು ತಕರಾರಿಲ್ಲದೆ ಒಪ್ಪಿದರು, ಇದನ್ನು ಮೆಚ್ಚಲೇಬೇಕು. ಹವಳ, ಶಂಖಗಳನ್ನು ಹೆಕ್ಕಿ ತರಬಾರದು, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆಯಾಗುತ್ತದೆ ಎಂದು ಮೊದಲೇ ಎಚ್ಚರಿಸಿದ್ದೂ ಒಳ್ಳೆಯದಾಯಿತು.

ಹೋಟೆಲುಗಳು ಚೊಕ್ಕವಾಗಿದ್ದವು. ಊಟದಲ್ಲಿ, ಸಸ್ಯಾಹಾರಿಗಳಾದ ಅತ್ತೆಯವರಿಗೆ ಮೂರನೆಯ ದಿನಕ್ಕೆ ಪನೀರ್ ಸಾಕೆನಿಸಿತು. ನಮಗಾದರೋ ಸ್ವರಾಜ್ ದ್ವೀಪದ ಬಂಗಾಳಿ ಕುಟುಂಬಗಳ ಪುಟ್ಟ ಊಟದ ಮನೆಗಳಲ್ಲಿ ಸಿಕ್ಕ ಸಾಸಿವೆ ಅರೆದ ಮೀನಿನ ಸಾರು, ಬಂಗುಡೆ ಪುಳಿಮುಂಚಿಯನ್ನು ಒಂದೆರಡು ಹೊತ್ತು ಮರೆಸಿತು. ಪ್ಯಾಕೇಜಿನಲ್ಲಿ ರಾತ್ರಿಯೂಟ ಸೇರಿಸಿಕೊಳ್ಳದಿರುವುದೇ ಲೇಸು.

ವಿಮಾನ ದರ ಬಿಟ್ಟು ಐವರಿಗೆ ಒಂದೂಕಾಲು ಲಕ್ಷ ರೂಪಾಯಿಯ ಆಸುಪಾಸು ಖರ್ಚಾಯಿತು, ನೀರಿನ ಆಟಗಳ ಶುಲ್ಕ ಬೇರೆ. ದೊರೆತ ಕೋಣೆ, ವಾಹನಗಳನ್ನು ನೋಡಿದರೆ ಈ ದರ ದುಬಾರಿಯಲ್ಲ. ಹಣ ಕಟ್ಟುವ ಮೊದಲು ಒಂದು ಸಂಗತಿಯನ್ನು ಮಾತ್ರ ಕೇಳಿ ಬರೆಸಿಕೊಳ್ಳಿ: ಹವಾಮಾನ ಕೆಟ್ಟು ಫೆರಿ ರದ್ದಾಗಿ ದ್ವೀಪದಲ್ಲಿ ಒಂದು ರಾತ್ರಿ ಹೆಚ್ಚು ಉಳಿಯಬೇಕಾದರೆ ಕೋಣೆಯ ಬಾಡಿಗೆ ಯಾರದು, ಮರುದಿನದ ಟಿಕೆಟ್ ಕೊಡಿಸುವವರು ಯಾರು ಎಂಬುದನ್ನು. ಅಚ್ಚಾದ ಷರತ್ತುಗಳಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲ. ಮಾವನವರು ಹಟ ಹಿಡಿದ ಮೇಲೆ ರಸೀದಿಯ ಹಿಂಬದಿಯಲ್ಲಿ ಕೈಬರಹದಲ್ಲಿ ಬರೆದು ಮೊಹರು ಹಾಕಿ ಕೊಟ್ಟರು.